ಪುಟ್ಟಿ ಕೇಳಿದ ಎಲ್ಫ್ ಪ್ರಶ್ನೆಗಳಿಗೆ ಅತ್ತೆಯ ಉತ್ತರ

ಪುಟ್ಟೀ, ರಾತ್ರಿ ಹನ್ನೊಂದೂವರೆಗೆ ಗ್ರೂಪಲ್ಲಿ ಸಾಲಾಗಿ ಪ್ರಶ್ನೆ ಹಾಕಿದ್ಯಲ್ಲ, ಈಗ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮಧ್ಯಾಹ್ನ ಆಗತ್ತೆ, ಅದಕ್ಕೇ ಮಾತಾಡೇ ಬಿಡ್ತೀನಿ. ಉದ್ದ ಆಗತ್ತೆ. ಬೇಡ ಅನ್ನೋರು ಕೇಳ್ಬೇಡಿ. ಭಾವ, ನಿಮಗೇ ಹೇಳಿದ್ದು.

ಮೊದಲು ಅಮ್ಮಂಗೆ ಉತ್ತರ. "ಆ ಚೂಪು ಕಿವಿಯೋರು ಯಾರೇ, ದೆವ್ವನಾ?" ಅಂತ ಕೇಳಿದ್ಯಲ್ಲ, ದೆವ್ವ ಅಲ್ಲ ಕಣಮ್ಮ. ಎಲ್ಫ್ ಅಂತ, ಯುರೋಪಿನ ಹಳೇ ಕಥೆಗಳಲ್ಲಿ ಬರೋರು. ಪುಟ್ಟಿ ಓದ್ತಿರೋದು ಎಲ್ಫ್‌ಕ್ವೆಸ್ಟ್ ಅನ್ನೋ ಅಮೆರಿಕದ ಕಾಮಿಕ್ಸು. ವೆಂಡಿ ಪಿನಿ, ರಿಚರ್ಡ್ ಪಿನಿ ಅಂತ ಗಂಡ ಹೆಂಡ್ತಿ 1978ರಲ್ಲಿ ಶುರು ಮಾಡಿದ್ದು. ಅವರಿಬ್ಬರ ಕಥೇನೂ ಚೆನ್ನಾಗಿದೆ. 1969ರಲ್ಲಿ ಸಿಲ್ವರ್ ಸರ್ಫರ್ ಅನ್ನೋ ಇನ್ನೊಂದು ಕಾಮಿಕ್ಸಿನ ಓದುಗರ ಪುಟದಲ್ಲಿ ವೆಂಡಿ ಬರೆದ ಪತ್ರ ಅಚ್ಚಾಯ್ತು, ಅದನ್ನ ಓದಿ ರಿಚರ್ಡ್ ಕಾಗದ ಬರೆದ್ರು, 1972ರಲ್ಲಿ ಮದುವೇನೇ ಆಗೋಯ್ತು. ಆದ್ದರಿಂದ ಕಾಮಿಕ್ಸ್ ಓದಿ ಪ್ರಶ್ನೆ ಕೇಳೋ ಹುಡುಗೀನ "ಕೆಲಸ ಇಲ್ವಾ" ಅಂತ ಯಾರೂ ಬೈಯೋ ಹಾಗಿಲ್ಲ.

ಸರಿ, ಬೆರಳು. "ಅತ್ತೆ, ಎಲ್ಲಾ ಎಲ್ಫ್‌ಗೂ ಕೈಗೆ ನಾಲ್ಕೇ ಬೆರಳು, ಬರೆಯೋವಾಗ ಮರೆತ್ರಾ?" ಮರೆತಿಲ್ಲ. ಅದೇ ಪುಟದಲ್ಲಿ ಮನುಷ್ಯರ ಕೈ ಇದ್ರೆ ಎಣಿಸಿ ನೋಡು, ಐದಿರತ್ತೆ. ಎಲ್ಫ್‌ಗೆ ಹೆಬ್ಬೆರಳೂ ಸೇರಿ ನಾಲ್ಕು. ಎರಡು ಕೈ ಸೇರಿದ್ರೆ ಎಂಟು, ಅದಕ್ಕೇ ಅವರ ಲೆಕ್ಕ ಎಲ್ಲ ಎಂಟರಲ್ಲಿ. ನಾವು ಹತ್ತು ಹತ್ತಾಗಿ ಎಣಿಸ್ತೀವಲ್ಲ, ಅವರು ಎಂಟು, ಎಂಟೆಂಟ್ಲೆ ಅಂತ ಮಾತಾಡ್ತಾರೆ. ನಾನು ಇದನ್ನ ಮೂರನೇ ಸಲ ಓದೋವಾಗ ಗಮನಿಸಿದ್ದು, ನೀನು ಮೊದಲ ಸಲಕ್ಕೇ ಬೆರಳು ಎಣಿಸಿದ್ದೀಯ.

ಎರಡನೇದು, ಬೇರೆ ಲೋಕದಿಂದ ಬಂದೋರು ಅಂತಾರೆ, ಮತ್ತೆ ಅಜ್ಜಿಕಥೆ ಎಲ್ಫ್ ಥರಾನೇ ಯಾಕಿದಾರೆ ಅಂತ. ಮೊದಲ ಇಪ್ಪತ್ತು ಸಂಚಿಕೆ ಮುಗಿಸಿದೀನಿ ಅಂದ್ಯಲ್ಲ, ಹಾಗಾಗಿ ಬಿಡಿಸಿ ಹೇಳ್ಬಹುದು. ಅವರ ಪೂರ್ವಜರು, ಹೈ ಒನ್ಸ್, ಬೇಕಾದ ರೂಪ ತಾಳೋ ಶಕ್ತಿ ಇದ್ದೋರು. ಈ ಕಥೆ ನಡೆಯೋ, ಎರಡು ಚಂದ್ರರಿರೋ ಲೋಕದ ಮನುಷ್ಯರ ಕಥೆಗಳಲ್ಲಿ ಇಂಥ ಚೆಲುವಾದ ಪುಟ್ಟ ಜನ, ಅರಮನೆ ಎಲ್ಲ ಇರೋದನ್ನ ನೋಡಿ, ಈ ವೇಷದಲ್ಲಿ ಹೋದ್ರೆ ಆದರ ಮಾಡ್ತಾರೆ ಅಂತ ಹಾಗೇ ರೂಪ ಮಾಡ್ಕೊಂಡ್ರು, ತಾವು ಬಂದ ಆಕಾಶದ ಹಡಗನ್ನೂ ಅರಮನೆ ಥರ ಮಾಡಿದ್ರು. ಇಳಿಯೋ ಹೊತ್ತಿಗೆ ಜೊತೇಲಿದ್ದ ಟ್ರೋಲ್ ಅನ್ನೋ ಆಳುಗಳು ತಿರುಗಿಬಿದ್ವು, ಹಡಗು ಸಾವಿರಾರು ವರ್ಷ ಹಿಂದಕ್ಕೆ ಹೋಗಿ ಬಿತ್ತು. ಆ ಕಾಲದ ಮನುಷ್ಯರಿಗೆ ಆ ಕಥೆಗಳೇ ಇನ್ನೂ ಹುಟ್ಟಿರಲಿಲ್ಲ! ಹೆದರಿ ದೊಣ್ಣೆ ತಗೊಂಡು ಹೊಡೆಯೋಕೆ ಬಂದ್ರು. ನಾಟಕದ ವೇಷ ಹಾಕ್ಕೊಂಡು ಬೇರೆ ಯಾರದೋ ಮನೆ ಶ್ರಾದ್ಧಕ್ಕೆ ನುಗ್ಗಿದ ಹಾಗೆ.

ಇರು, ಕುಕ್ಕರ್ ಕೂಗ್ತಿದೆ, ಸಣ್ಣ ಉರಿ ಮಾಡ್ಬರ್ತೀನಿ.

ಹಾಂ. ಈಗ ನೀನು ನಾಲ್ಕು ಅಳೋ ಮುಖ ಹಾಕಿ ಕೇಳಿದ್ದು. "ಬೇರೆ ಎಲ್ಫ್‌ಗಳಿಗೆ ಸಾವೇ ಇಲ್ಲ, ಕಟರ್ ಗುಂಪಿಗೆ ಮಾತ್ರ ಯಾಕೆ? ಯಾರ ಶಾಪ?" ಗೊತ್ತಿಲ್ದೋರಿಗೆ ಹೇಳ್ತೀನಿ, ಕಟರ್ ಅಂದ್ರೆ ಕಥಾನಾಯಕ, ತೋಳದ ಮೇಲೆ ಸವಾರಿ ಮಾಡೋ ವುಲ್ಫ್‌ರೈಡರ್ಸ್ ಗುಂಪಿನ ಮುಖಂಡ. ಶಾಪ ಅಂತ ನಿನಗೆ ಅನ್ನಿಸಿದ್ದು ಸಹಜ ಕಣೇ. ನಮ್ಮ ಕಥೆ ಕೇಳಿ ಬೆಳೆದೋರು ಹಾಗೇ ಯೋಚ್ನೆ ಮಾಡೋದು. ಅಷ್ಟವಸುಗಳು ಭೂಮೀಲಿ ಹುಟ್ಟಿದ್ದು ವಸಿಷ್ಠರ ಶಾಪದಿಂದ. ಸಾಯದೇ ಇರೋರು ಸಾಯೋ ಜಾತಿಗೆ ಬಂದ್ರು ಅಂದ್ರೆ ಎಲ್ಲೋ ತಪ್ಪಾಗಿರ್ಬೇಕು ಅಂತ ಹುಡುಕ್ತೀವಿ. ಇಲ್ಲಿ ತಪ್ಪೇ ಇಲ್ಲ. ಹಸಿವು ಅಷ್ಟೇ.

ಹಡಗು ಬಿದ್ದಮೇಲೆ ಚಳಿ, ಹಿಮ. ಮಾಯೆ ನಡೀತಿಲ್ಲ, ಬೇಟೆ ಬರಲ್ಲ, ಜನ ಸೊರಗ್ತಿದಾರೆ. ಆಗ ಟಿಮ್ಮೇನ್ ಅನ್ನೋಳು ತೋಳದ ರೂಪ ತಾಳಿ ಬೇಟೆಗೆ ಹೋಗ್ತಾಳೆ, ಮಾಂಸ ತಂದು ತನ್ನೋರಿಗೆ ಹಾಕ್ತಾಳೆ. ದಿನ ಕಳೆದ ಹಾಗೆ ಮೊದಲು ಏನಾಗಿದ್ದೆ ಅನ್ನೋದೇ ಮರೆತುಹೋಗತ್ತೆ. ತೋಳದ ಜೊತೆ ಸೇರಿ ಅವಳಿಗೆ ಹುಟ್ಟಿದೋನು ಟಿಮ್ಮಾರ್ನ್, ಹಳದಿ ಕಣ್ಣಿನೋನು. ಅರ್ಧ ಎಲ್ಫ್, ಅರ್ಧ ತೋಳ. ವುಲ್ಫ್‌ರೈಡರ್ಸ್ ಎಲ್ಲ ಅವನ ವಂಶ. ತೋಳದ ರಕ್ತ ಬಂತು, ಅದರ ಜೊತೆ ಸಾವೂ ಬಂತು. ಕಟರ್ ಹನ್ನೊಂದನೇ ನಾಯಕ, ಅಂದ್ರೆ ಅವನ ಹಿಂದೆ ಹತ್ತು ಜನ ಬಂದು ಹೋಗಿದಾರೆ. ಆದ್ರೆ ಮರಳುಗಾಡಲ್ಲಿರೋ ಬೇರೆ ಎಲ್ಫ್‌ಗಳ ಊರಲ್ಲಿ ಸವಾ ಅನ್ನೋ ಹಿರಿಯಳಿದಾಳಲ್ಲ, ಊರು ಕಟ್ಟಿದ ಕಾಲದಿಂದ ಒಬ್ಬಳೇ ಎಲ್ಲಾ ನೆನಪಿಟ್ಕೊಂಡು ಕೂತಿದಾಳೆ.

ಆಮೇಲೆ ಆ ರಕ್ತದಿಂದ ಏನೇನು ಬಂತು ನೋಡು. ಮೂಗು ಚುರುಕು, ತೋಳದ ಜೊತೆ ಮನಸಲ್ಲೇ ಮಾತು, ಆ ಕಾಡು ಅವರದೇ. ಉಳಿದ ಎಲ್ಫ್‌ಗಳು ಎಷ್ಟೇ ವರ್ಷ ಬದುಕಿದ್ರೂ ಆ ನೆಲಕ್ಕೆ ನೆಂಟರೇ. ಬ್ಲೂ ಮೌಂಟನ್ ಅನ್ನೋ ಬೆಟ್ಟದ ಎಲ್ಫ್‌ಗಳನ್ನ ನೋಡಿದ್ಯಲ್ಲ, ಸಾವಿಲ್ಲ, ಆದ್ರೆ ಬೆಟ್ಟದೊಳಗೆ ಕೂತು ಕೂತು ಮುಖದಲ್ಲಿ ಜೀವಾನೇ ಇಲ್ಲ. ನನ್ನ ಕೇಳಿದ್ರೆ ವೆಂಡಿ ಅವರನ್ನ ಅಷ್ಟು ಉದ್ದಕ್ಕೆ, ಅಷ್ಟು ತೆಳ್ಳಗೆ ಬರೆದಿರೋದೂ ಅದಕ್ಕೇ.

ಚಿನ್ನು ಮಧ್ಯದಲ್ಲಿ ಬಾಯಿ ಹಾಕಿ "ರೆಕಗ್ನಿಷನ್ ಅಂದ್ರೆ ಬಲವಂತದ ಮದುವೆ ತಾನೆ" ಅಂದಿದಾನೆ. ಪೂರ್ತಿ ತಪ್ಪಲ್ಲ ಕಣೋ. ರೆಕಗ್ನಿಷನ್ ಅಂದ್ರೆ ಇಬ್ಬರು ಎಲ್ಫ್‌ಗಳು ಕೇಳದೇನೇ ತಾನಾಗೇ ಜೋಡಿ ಆಗೋದು. ಕಣ್ಣಿಗೆ ಕಣ್ಣು ಸೇರಿದ ತಕ್ಷಣ ಒಬ್ಬರ ಆತ್ಮದ ಹೆಸರು, ಅಂದ್ರೆ ಒಳಗಿನ ಗುಟ್ಟಿನ ಹೆಸರು, ಇನ್ನೊಬ್ಬರಿಗೆ ಗೊತ್ತಾಗೋಗತ್ತೆ, ಮೈ ತೀರ್ಮಾನ ಮಾಡಿ ಆಗಿರತ್ತೆ, ಮನಸ್ಸು ಆಮೇಲೆ ಬರ್ಬೇಕು. ಜಾತಕ ನೋಡೋ ಶಾಸ್ತ್ರಿಗಳು ರಕ್ತದೊಳಗೇ ಕೂತ ಹಾಗೆ. ಒಳ್ಳೇ ಮಗು ಹುಟ್ಲಿ ಅನ್ನೋದಷ್ಟೇ ಅದರ ಲೆಕ್ಕ, ಪ್ರೀತಿ ಗೀತಿ ಅದಕ್ಕೆ ಬೇಕಿಲ್ಲ. ತಡೆದ್ರೆ ಮೈ ಹುಷಾರು ತಪ್ಪತ್ತೆ. ಮರಳುಗಾಡಿನ ಊರಿನ ಲೀಟಾಗೆ ಕಟರ್ ಜೊತೆ ರೆಕಗ್ನಿಷನ್ ಆದ್ರೂ ಎಷ್ಟು ದಿನ ಅವನನ್ನ ಹತ್ರ ಸೇರಿಸ್ಲಿಲ್ಲ! ನನಗೆ ಅವಳ ಆ ಹಟಾನೇ ಇಷ್ಟ. ಇನ್ನು ಕಟರ್ ಗುಂಪಿನ ಡ್ಯೂಶೈನ್ ಅನ್ನೋಳ ಪಾಡು ನೋಡು, ಪ್ರೀತಿ ಸ್ಕೌಟರ್ ಮೇಲೆ, ರೆಕಗ್ನಿಷನ್ ಆಗಿದ್ದು ರೆಕ್ಕೆ ಇರೋ ಟಿಲ್ಡಾಕ್ ಜೊತೆ. ಮಗು ಟಿಲ್ಡಾಕ್‌ದು, ಎತ್ತಿ ಆಡಿಸಿದ್ದು ಸ್ಕೌಟರ್. ಅದಕ್ಕೆ ಉಲ್ಟಾ ರೆಡ್‌ಲ್ಯಾನ್ಸ್, ನೈಟ್‌ಫಾಲ್ ಇದಾರೆ. ಅವರಿಗೆ ರೆಕಗ್ನಿಷನ್ನೇ ಆಗಿಲ್ಲ, ಆದ್ರೂ ಇಡೀ ಪುಸ್ತಕದಲ್ಲಿ ಅವರಷ್ಟು ಅನ್ಯೋನ್ಯವಾಗಿರೋ ಜೋಡಿ ಇನ್ನೊಂದಿಲ್ಲ. ಮುಂದೆ ಲೀಟಾ ತನ್ನ ಗುಣಪಡಿಸೋ ಶಕ್ತಿಯಿಂದ ಅವರಿಗೆ ಮಗು ಆಗೋ ಹಾಗೆ ಮಾಡ್ತಾಳೆ, ಇದೊಂದು ಮುಂಚೇನೇ ಹೇಳ್ಬಿಟ್ಟೆ, ಬೈಬೇಡ. ಕಟರ್, ಸ್ಕೈವೈಸ್ ಬರೀ ಸ್ನೇಹಿತರಾಗಿದ್ರೂ ಒಬ್ಬರ ಆತ್ಮದ ಹೆಸರು ಇನ್ನೊಬ್ಬರಿಗೆ ಗೊತ್ತು. ಅದನ್ನ ಯಾವ ರಕ್ತಾನೂ ಹೇಳಿಸ್ಲಿಲ್ಲ ಅಲ್ವಾ ಚಿನ್ನು, ಯೋಚ್ನೆ ಮಾಡು.

ಕೊನೇ ಪ್ರಶ್ನೆ, "ಕೊನೇಲಿ ಕಟರ್ ಏನಾಗ್ತಾನೆ". ಹೇಳಲ್ಲ. ಫೈನಲ್ ಕ್ವೆಸ್ಟ್ ಅಂತ ಇದೆ, 2018ರ ಫೆಬ್ರವರಿಲಿ ಮುಗೀತು, ನಲವತ್ತು ವರ್ಷ ಎಳೆದಿದಾರೆ. ಓದಿ ಬಾ. ನಿನಗೆ ಟ್ಯಾಬಲ್ಲಿ ಒಂದಾದ ಮೇಲೆ ಒಂದು ಸಿಗತ್ತೆ. ನಾನು ಕಾಲೇಜಲ್ಲಿದ್ದಾಗ ಅವೆನ್ಯೂ ರೋಡ್ ಫುಟ್‌ಪಾತಲ್ಲಿ ಒಂದೇ ಒಂದು ಸಂಚಿಕೆ ಸಿಕ್ಕಿತ್ತು, ಮಾರ್ವೆಲ್‌ನೋರು ಬಣ್ಣ ಹಾಕಿ ಮತ್ತೆ ತಂದಿದ್ದು. ಪಿನ್ನು ತುಕ್ಕು ಹಿಡಿದು ನಡುಪುಟಕ್ಕೆಲ್ಲ ಕಂದು ಕಲೆ, ಲೀಟಾ ಕೆನ್ನೆ ಮೇಲೂ ಒಂದು ಚುಕ್ಕೆ. ಅದು ಅವಳ ಮಚ್ಚೆ ಅಂತಾನೇ ವರ್ಷಗಟ್ಟಲೆ ಅಂದ್ಕೊಂಡಿದ್ದೆ. ಕಥೆ ಅರ್ಧಕ್ಕೆ ನಿಂತಿತ್ತು, ಮುಂದಿನ ಸಂಚಿಕೆಗೆ ಎಷ್ಟು ಶನಿವಾರ ಅಲೆದೆನೋ. ಕೊನೆಗೆ ಪಿನಿ ದಂಪತಿಗಳೇ ಹಳೇದನ್ನೆಲ್ಲ ತಮ್ಮ ವೆಬ್‌ಸೈಟಲ್ಲಿ ಪುಕ್ಕಟೆ ಓದೋಕೆ ಹಾಕಿದ್ಮೇಲೇ ಮುಂದಿನ ಕಥೆ ಗೊತ್ತಾಗಿದ್ದು.

ಆ ಸಂಚಿಕೆ ಊರಲ್ಲಿ ಅಟ್ಟದ ಮೇಲೆ ಹಸಿರು ಟ್ರಂಕಲ್ಲಿದೆ, ರಜಕ್ಕೆ ಬಂದಾಗ ತಗೋ. ಅಮ್ಮಾ, ಯುಗಾದಿಗೆ ಹಳೇ ಪೇಪರ್‌ನೋನಿಗೆ ಹಾಕಿದ್ಯಲ್ಲ, ಅದ್ರಲ್ಲಿ ಇದು ಹೋಗಿಲ್ಲ ತಾನೆ?