ನುನಾವುಟ್‌ನಲ್ಲಿ ಕ್ಷಯರೋಗ ಸಂಶೋಧನೆಯ ಕೆಲಸ: ಹೋಗುವ ಮುನ್ನ ಏನು ತಿಳಿದಿರಬೇಕು?

ಪ್ರಶ್ನೆ — ನೇತ್ರಾವತಿ_ತೀರ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ನರ್ಸಿಂಗ್ ಓದಿದ ನಾನು, ಕೆನಡಾಕ್ಕೆ ಬಂದ ಮೇಲೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ಇಲ್ಲಿನ ವಿಶ್ವವಿದ್ಯಾಲಯವೊಂದು ಕೆನಡಾದ ಉತ್ತರ ತುದಿಯ ಆರ್ಕ್ಟಿಕ್ ಪ್ರದೇಶವಾದ ನುನಾವುಟ್‌ನಲ್ಲಿ ನಡೆಸಲಿರುವ ಕ್ಷಯರೋಗದ ಅಧ್ಯಯನಕ್ಕೆ ನನ್ನನ್ನು ಸಂಯೋಜಕಿಯಾಗಿ ಆಯ್ಕೆ ಮಾಡಿದೆ. ಅಲ್ಲಿನ 25 ಊರುಗಳನ್ನು ಜೋಡಿಸುವ ರಸ್ತೆಗಳಿಲ್ಲ, ವಿಮಾನವನ್ನೇ ನಂಬಬೇಕು, ಬಹುತೇಕ ಊರುಗಳ ಆರೋಗ್ಯ ಕೇಂದ್ರಗಳನ್ನು ದಾದಿಯರೇ ನಡೆಸುತ್ತಾರೆ ಎಂಬುದು ತಿಳಿದಿದೆ. ಚಳಿಗೆ ನಾನು ಅಂಜುವುದಿಲ್ಲ. ಆದರೆ ಅಲ್ಲಿನ ಹಿರಿಯರು ಎದೆಯ ಎಕ್ಸ್-ರೇ ಎಂದರೆ ಹಿಂಜರಿಯುತ್ತಾರೆ, ಅವರಲ್ಲಿ ತಿಳಿವಳಿಕೆ ಮೂಡಿಸುವುದೇ ನಿಮ್ಮ ಮುಖ್ಯ ಕೆಲಸ ಎಂದು ಸಂದರ್ಶನದಲ್ಲಿ ಹೇಳಿದ ಮಾತು ನನ್ನನ್ನು ಕಾಡುತ್ತಿದೆ. ಇದು ನಿಜವಾಗಿಯೂ ತಿಳಿವಳಿಕೆಯ ಕೊರತೆಯೇ? ಉತ್ತರದಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಪ್ರತಿಕ್ರಿಯೆ — ಬಡಗಣ_ಗಾಳಿ

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ನಾನು ಅಲ್ಲಿನ ಆರೋಗ್ಯ ಕೇಂದ್ರಗಳಲ್ಲಿ ದಾದಿಯಾಗಿಯೂ ಆಮೇಲೆ ಸಂಶೋಧನಾ ತಂಡವೊಂದರಲ್ಲಿಯೂ ಕೆಲಸ ಮಾಡಿದ್ದೇನೆ. ಎಕ್ಸ್-ರೇ ಬಗ್ಗೆ ಅಲ್ಲಿನ ಹಿರಿಯರಿಗೆ ಇರುವಷ್ಟು ತಿಳಿವಳಿಕೆ ನಮಗೆ ಇರಲು ಸಾಧ್ಯವಿಲ್ಲ ಎಂದೇ ಹೇಳುತ್ತೇನೆ.

1950ರಿಂದ ಸಿ. ಡಿ. ಹೌ ಎಂಬ ಸರ್ಕಾರಿ ಹಡಗು ಬೇಸಿಗೆಯಲ್ಲಿ ಪೂರ್ವ ಆರ್ಕ್ಟಿಕ್‌ನ ಊರುಗಳಿಗೆ ಎಕ್ಸ್-ರೇ ಯಂತ್ರವನ್ನು ಹೊತ್ತು ಬರುತ್ತಿತ್ತು. ಊರಿನವರನ್ನೆಲ್ಲ ಹಡಗಿಗೆ ಹತ್ತಿಸಿ ಪರೀಕ್ಷಿಸಿದ ಮೇಲೆ, ಕ್ಷಯ ಇದೆ ಎಂದು ಕಂಡವರಲ್ಲಿ ಅನೇಕರನ್ನು ಮತ್ತೆ ದಡಕ್ಕೆ ಇಳಿಯಲು ಬಿಡದೆ, ಮನೆಯವರಿಗೆ ಒಂದು ಮಾತು ಹೇಳುವುದಕ್ಕೂ ಅವಕಾಶ ಕೊಡದೆ, ದಕ್ಷಿಣದ ಕ್ಷಯ ಆಸ್ಪತ್ರೆಗಳಿಗೆ ಒಯ್ಯುತ್ತಿದ್ದರು. ಹ್ಯಾಮಿಲ್ಟನ್‌ನ ಆಸ್ಪತ್ರೆಯೊಂದಕ್ಕೇ ಆರ್ಕ್ಟಿಕ್‌ನ ಮೂಲನಿವಾಸಿಗಳಾದ ಇನುಯಿಟ್ ಜನರಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳು ಬಂದಿದ್ದರು. 1956ರ ಹೊತ್ತಿಗೆ ಕೆನಡಾದ ಇನುಯಿಟ್ ಜನರಲ್ಲಿ ಸುಮಾರು ಏಳರಲ್ಲಿ ಒಬ್ಬರು ದಕ್ಷಿಣದಲ್ಲಿ ಚಿಕಿತ್ಸೆಯಲ್ಲಿದ್ದರು. ತೀರಿಕೊಂಡವರನ್ನು ಅಲ್ಲಿಯೇ ಮಣ್ಣು ಮಾಡಿದರು, ಎಷ್ಟೋ ಮನೆಗಳಿಗೆ ಸುದ್ದಿಯೂ ತಲುಪಲಿಲ್ಲ. 2019ರ ಮಾರ್ಚ್‌ನಲ್ಲಿ ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೊ ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಹೋಗಿ ಕ್ಷಮೆ ಕೇಳಿದರು. ಸಮಾಧಿಗಳನ್ನು ಹುಡುಕಿಕೊಡುವ ನಾನಿಲಾವುಟ್ ಯೋಜನೆಯೂ ಆಗಲೇ ಆರಂಭವಾಯಿತು. ತಾಯಿಯ ಸಮಾಧಿ ಎಲ್ಲಿದೆ ಎಂದು ತಿಳಿಯದೆ ಮುಪ್ಪಾದವರ ಮುಂದೆ ಎಕ್ಸ್-ರೇ ಒಪ್ಪಿಗೆಪತ್ರ ಹಿಡಿದಾಗ ಅವರು ಸುಮ್ಮನಾದರೆ, ಅದಕ್ಕೆ ಅಜ್ಞಾನವೆಂದು ಹೆಸರಿಡುವುದು ಅನ್ಯಾಯ.

ರೋಗವಂತೂ ಇಂದಿಗೂ ಅಲ್ಲಿದೆ. 2016ರ ಅಂಕಿಅಂಶಗಳಂತೆ, ಕೆನಡಾದಲ್ಲಿಯೇ ಹುಟ್ಟಿದ, ಮೂಲನಿವಾಸಿಗಳಲ್ಲದವರಿಗೆ ಹೋಲಿಸಿದರೆ ಇನುಯಿಟ್ ಜನರಲ್ಲಿ ಕ್ಷಯದ ಪ್ರಮಾಣ ಸುಮಾರು 300 ಪಟ್ಟು. ಮನೆಗಳ ಕೊರತೆಯಿಂದ ಎರಡು ಮೂರು ತಲೆಮಾರು ಒಂದೇ ಸೂರಿನಡಿ, ಗಾಳಿಯಾಡದ ಕೋಣೆಗಳಲ್ಲಿ ಮಲಗುವುದು ಇದರ ದೊಡ್ಡ ಕಾರಣ. 2030ರೊಳಗೆ ರೋಗವನ್ನು ಇಲ್ಲವಾಗಿಸುವುದಾಗಿ ಕೇಂದ್ರ ಸರ್ಕಾರ ಮತ್ತು ಕೆನಡಾದ ಇನುಯಿಟ್ ಜನರ ರಾಷ್ಟ್ರೀಯ ಪ್ರತಿನಿಧಿ ಸಂಸ್ಥೆಯಾದ ಇನುಯಿಟ್ ತಪಿರೀಟ್ ಕನಾತಮಿ 2018ರಲ್ಲಿ ಜಂಟಿಯಾಗಿ ಘೋಷಿಸಿವೆ.

ಊರಿಗೆ ಹೋದ ಮೇಲೆ ಸ್ಥಳೀಯ ರೇಡಿಯೊದಲ್ಲಿ ಸಮಯ ಕೇಳಿಕೊಳ್ಳಿ. ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೀವು ಯಾರು, ಏಕೆ ಬಂದಿರಿ, ಎಕ್ಸ್-ರೇಯಲ್ಲಿ ಏನಾದರೂ ಕಂಡರೆ ಮುಂದೇನು ಎಂಬುದನ್ನು ಹೇಳಿದರೆ, ಜನ ನೇರವಾಗಿ ಫೋನ್ ಮಾಡಿ ಕೇಳುತ್ತಾರೆ. ಮೊದಲು ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ನಮ್ಮನ್ನು ಊರು ಬಿಡಿಸುತ್ತೀರಾ? ಅದಕ್ಕೆ ಖಚಿತವಾದ ಉತ್ತರ ನಿಮ್ಮಲ್ಲಿ ಇರಲೇಬೇಕು.

ಪ್ರತಿಕ್ರಿಯೆ — ಅಂಕಿಗಣಿ

ಮೇಲಿನವರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ನಾನು ದತ್ತಾಂಶ ವಿಶ್ಲೇಷಣೆ ಮಾಡುವವನಾದ್ದರಿಂದ ಫಲಿತಾಂಶವನ್ನು ಜನರಿಗೆ ತಿಳಿಸುವ ಬಗ್ಗೆ, ಬೇರೊಂದು ಅಧ್ಯಯನದ ಉದಾಹರಣೆಯೊಂದಿಗೆ, ಒಂದು ಮಾತು ಸೇರಿಸುತ್ತೇನೆ.

1980ರ ದಶಕದ ಕೊನೆಯಲ್ಲಿ ಎರಿಕ್ ಡೆವಾಯಿ ಎಂಬ ವೈದ್ಯ-ಸಂಶೋಧಕರು, ಮಾಲಿನ್ಯವಿಲ್ಲದ ಜಾಗದ ಮಾದರಿ ಸಿಗಬಹುದೆಂದು ಉತ್ತರ ಕ್ವಿಬೆಕ್‌ನಲ್ಲಿರುವ ಇನುಯಿಟ್ ನಾಡಾದ ನುನಾವಿಕ್‌ನಲ್ಲಿ ಬಾಣಂತಿಯರ ಎದೆಹಾಲನ್ನು ಪರೀಕ್ಷಿಸಿದರು. ಅದರಲ್ಲಿ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ದಕ್ಷಿಣ ಕ್ವಿಬೆಕ್‌ನ ತಾಯಂದಿರಿಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಗಾಳಿ ಮತ್ತು ಸಾಗರದ ಹರಿವಿನೊಂದಿಗೆ ಉತ್ತರ ಸೇರಿದ ವಿಷ ಸೀಲ್, ಬೆಲೂಗಾ ತಿಮಿಂಗಿಲಗಳ ಕೊಬ್ಬಿನಲ್ಲಿ ಕೂಡಿಕೊಂಡು ಅಡುಗೆಮನೆಗೆ ಬಂದಿತ್ತು. ಈಗ ಯೋಚಿಸಿ: ಇದನ್ನು ಆ ತಾಯಿಗೆ ಹೇಗೆ ಹೇಳುವುದು? ಹಾಲೂಡಿಸಬೇಡಿ ಎಂದರೆ ಮಗುವಿಗೆ ಎದೆಹಾಲಿನ ರಕ್ಷಣೆ ತಪ್ಪುತ್ತದೆ. ಬೇಟೆಯ ಮಾಂಸ ಬಿಡಿ ಎಂದರೆ, ವಿಮಾನದಲ್ಲಿ ಬರುವ ದುಬಾರಿ ಡಬ್ಬಿ ಆಹಾರವೇ ಗತಿಯಾಗುತ್ತದೆ. ಎದೆಹಾಲೂಡಿಸುವುದನ್ನು ಮುಂದುವರಿಸಿ ಎಂಬ ಸಲಹೆಯೇ ಕೊನೆಗೆ ಉಳಿಯಿತು. ಆ ಅಂಕಿಗಳನ್ನು ಹಿಡಿದು ಇನುಯಿಟ್ ನಾಯಕರೇ ಜಾಗತಿಕ ಮಾತುಕತೆಗಳಲ್ಲಿ ವಾದಿಸಿದ್ದರಿಂದ, ಇಂಥ ವಿಷ ರಾಸಾಯನಿಕಗಳನ್ನು ನಿರ್ಬಂಧಿಸುವ 2001ರ ಸ್ಟಾಕ್‌ಹೋಮ್ ಒಪ್ಪಂದದ ಪೀಠಿಕೆಯಲ್ಲಿ ಆರ್ಕ್ಟಿಕ್‌ನ ಮೂಲನಿವಾಸಿಗಳ ಉಲ್ಲೇಖವಿದೆ. ಫಲಿತಾಂಶ ಅವರ ಕೈಗೆ ಸೇರಿದ್ದರಿಂದಲೇ ಇದು ಸಾಧ್ಯವಾಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೊಂದು ವಿಷಯ. ನುನಾವುಟ್‌ನ ಗ್ರೀಸ್ ಫಿಯೋರ್ಡ್‌ನಂಥ ಊರಿನಲ್ಲಿ 150 ಜನರೂ ಇಲ್ಲ. ಅಲ್ಲಿ "ನಲವತ್ತರ ಆಸುಪಾಸಿನ, ಕ್ಷಯ ಇರುವ ಇಬ್ಬರು ಮಹಿಳೆಯರು" ಎಂದು ಕೋಷ್ಟಕದಲ್ಲಿ ಬರೆದರೆ ಹೆಸರು ಬರೆದಂತೆಯೇ. ಊರುಗಳನ್ನು ಒಟ್ಟುಗೂಡಿಸಿಯೇ ವರದಿ ಮಾಡುವಂತೆ ಮೊದಲೇ ನಿರ್ಧರಿಸಿಕೊಳ್ಳಿ.

ನೇತ್ರಾವತಿ_ತೀರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ತಂಡದವರನ್ನು ಏನು ಕೇಳಬೇಕು?

ಬಡಗಣ_ಗಾಳಿ

ಇಕಾಲುಯಿಟ್‌ನ ನುನಾವುಟ್ ಸಂಶೋಧನಾ ಸಂಸ್ಥೆಯಿಂದ ಪರವಾನಗಿ ಸಿಕ್ಕಿದೆಯೇ, ಯೋಜನೆಯ ಸಾರಾಂಶ ಇನುಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲಿ ಸಿದ್ಧವಿದೆಯೇ ಎಂದು ಕೇಳಿ. ದತ್ತಾಂಶದ ಒಡೆತನ ಯಾರದು ಎಂಬುದನ್ನು ಬರಹದಲ್ಲಿ ಪಡೆಯಿರಿ. ದತ್ತಾಂಶದ ಮೇಲೆ ಇನುಯಿಟ್ ಜನರ ಒಡೆತನ ಮತ್ತು ನಿಯಂತ್ರಣವಿರಬೇಕು ಎಂದು ಇನುಯಿಟ್ ತಪಿರೀಟ್ ಕನಾತಮಿಯ 2018ರ ರಾಷ್ಟ್ರೀಯ ಸಂಶೋಧನಾ ಕಾರ್ಯನೀತಿ ಸ್ಪಷ್ಟವಾಗಿ ಹೇಳುತ್ತದೆ. 2006ರಿಂದ ಇಕಾಲುಯಿಟ್‌ನಲ್ಲಿಯೇ ಇರುವ ಕೌಜಿಗಿಯಾರ್ಟೀಟ್ ಆರೋಗ್ಯ ಸಂಶೋಧನಾ ಕೇಂದ್ರ ಊರಿನವರೇ ಪ್ರಶ್ನೆಗಳನ್ನು ರೂಪಿಸುವ ರೀತಿಯಲ್ಲಿ ಕೆಲಸ ಮಾಡುತ್ತದೆ. ಹೊರಡುವ ಮೊದಲು ಅದರ ವರದಿಗಳನ್ನು ಓದಿಕೊಳ್ಳಿ.

ಬಜೆಟ್ ಪುಟವನ್ನೂ ಕೇಳಿ ನೋಡಿ. ಸ್ಥಳೀಯ ಸಂಯೋಜಕರೊಬ್ಬರಿಗೆ ನಿಮ್ಮಷ್ಟೇ ಸಂಬಳ, ದುಭಾಷಿಗೆ ಗಂಟೆಯ ಲೆಕ್ಕದ ಗೌರವಧನ, ಫಲಿತಾಂಶ ತಿಳಿಸಲು ಊರಿಗೆ ಮರಳಿ ಹೋಗುವ ವಿಮಾನದ ಖರ್ಚು, ಈ ಮೂರು ಅದರಲ್ಲಿ ಇಲ್ಲದಿದ್ದರೆ ಸೇರಿಸುವಂತೆ ಈಗಲೇ ಒತ್ತಾಯಿಸಿ. ಅನುದಾನ ಮಂಜೂರಾಗಿ ಕೆಲಸ ಶುರುವಾದ ಮೇಲೆ ಇವುಗಳಿಗೆ ಹಣ ಹೊಂದಿಸುವುದು ಬಹಳ ಕಷ್ಟ.