ತೋಟದ ಮಣ್ಣಿಗೆ ಯಾವ ಸುಣ್ಣ, ಎಷ್ಟು?

ಪ್ರಶ್ನೆ: ಗೋಡು ಮಣ್ಣು, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5. ತರಕಾರಿಗೆ 6.5ಕ್ಕೆ ತರಬೇಕು. ಗೋಡೆಗೆ ಬಳಿಯುವ ಸುಣ್ಣ ನಡೆಯುತ್ತಾ?

ಉತ್ತರ 1: ಬೇಡ. ಅದು ಅರಳಿದ ಸುಣ್ಣ, ಕೈ ಸುಡುತ್ತೆ, ಸ್ವಲ್ಪ ಹೆಚ್ಚಾದರೂ ಪಿಎಚ್ ಮಿತಿ ಮೀರುತ್ತೆ. ಆಮೇಲೆ ಕಬ್ಬಿಣ, ಸತು ಸಿಗದೆ ಎಳೆ ಎಲೆ ಹಳದಿ. ಕೃಷಿ ಸುಣ್ಣ, ಅಂದರೆ ಸುಣ್ಣಕಲ್ಲಿನ ಪುಡಿ ತನ್ನಿ. ನುಣ್ಣಗಿರಲಿ, ತರಿ ಇದ್ದರೆ ವರ್ಷಗಟ್ಟಲೆ ಕರಗಲ್ಲ. ಚದರ ಮೀಟರಿಗೆ ಸುಮಾರು 250 ಗ್ರಾಂ. ಮರಳು ಮಣ್ಣಿಗಾದರೆ ಅರ್ಧ ಸಾಕು. ನಾಟಿಗೆ 2-3 ತಿಂಗಳು ಮೊದಲೇ ಎರಚಿ, 15 ಸೆಂ.ಮೀ. ಆಳಕ್ಕೆ ಬೆರೆಸಿ. ಮೇಲೆ ಚೆಲ್ಲಿ ಬಿಟ್ಟರೆ ಬೇರಿನವರೆಗೆ ಇಳಿಯೋದು ತುಂಬಾ ನಿಧಾನ.

ಉತ್ತರ 2: ಮೆಗ್ನೀಸಿಯಂ ಕೊರತೆಯಿದ್ದರೆ ಡಾಲೊಮೈಟ್, ಅಂದರೆ ಮೆಗ್ನೀಸಿಯಂ ಇರುವ ಸುಣ್ಣಕಲ್ಲಿನ ಪುಡಿ. ಜಿಪ್ಸಂ ಪಿಎಚ್ ಏರಿಸಲ್ಲ, ಮೋಸ ಹೋಗಬೇಡಿ. ಸುಣ್ಣವನ್ನು ಯೂರಿಯಾ, ಹಸಿ ಸಗಣಿ ಜೊತೆಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತೆ.

ಉತ್ತರ 3: ಆಲೂಗಡ್ಡೆ ಪಾತಿ ಮಾತ್ರ ಬಿಟ್ಟುಬಿಡಿ. ಪಿಎಚ್ ಏರಿದರೆ ಗೆಡ್ಡೆಗೆ ಕಜ್ಜಿರೋಗ ಜೋರು.