ಹೂಳೆತ್ತುವ ಮುನ್ನ ಕೆರೆಯ ಹಕ್ಕಿಗಳಿಗಾಗಿ ಯೋಜನೆಯಲ್ಲಿ ಏನು ಸೇರಿಸಬೇಕು?

ಪ್ರಶ್ನೆ:
ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯ. 2002ರ ಜೀವವೈವಿಧ್ಯ ಕಾಯ್ದೆಯಂತೆ ರಚನೆಯಾದ ಈ ಸಮಿತಿಯ ಬಳಿ, ಊರಿನ ಗಿಡ, ಪ್ರಾಣಿ, ಹಕ್ಕಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯೂ ಇದೆ. ಆದರೆ ತೆರೆದು ನೋಡಿದರೆ ನಮ್ಮೂರಿನವರು ಯಾರೂ ಕಂಡಿರದ ಸಿಂಗಳೀಕ ಅದರಲ್ಲಿದೆ, ದಿನವೂ ಕೆರೆಯಲ್ಲಿ ಕಾಣುವ ನಾಮಕೋಳಿ ಇಲ್ಲ! ಬೇಸಿಗೆಯಲ್ಲಿ ಹೂಳೆತ್ತಲು ಹಣ ಮಂಜೂರಾಗಿದೆ. ಇಡೀ ಕೆರೆಯಂಗಳವನ್ನು ಒಂದೇ ಆಳಕ್ಕೆ ತೋಡುವುದು, ನೀರಿನಲ್ಲಿ ನಿಂತಿರುವ ಕರಿಜಾಲಿ ಮರಗಳನ್ನು ತೆಗೆಯುವುದು, ಸುತ್ತ ಕಲ್ಲು ಕಟ್ಟಿ ನಡಿಗೆ ದಾರಿ ಮಾಡುವುದು, ಇವಿಷ್ಟು ಅಂದಾಜುಪಟ್ಟಿಯಲ್ಲಿವೆ. ಆ ಮರಗಳಲ್ಲಿ ನೀರುಕಾಗೆ, ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಕೆಲಸ ನಿಲ್ಲಿಸುವ ಇಚ್ಛೆ ನನಗಿಲ್ಲ. ಏನನ್ನು ಬದಲಿಸಲು ಕೇಳಬೇಕೆಂದು ತಿಳಿದವರು ಹೇಳಬೇಕು.

ಉತ್ತರ 1:
ಮೊದಲು ಆಳದ ವಿಷಯ. ಉಲ್ಲಂಕಿ ಅಂಚಿನ ಕೆಸರಿನಲ್ಲಿ, ಮೆಟ್ಟುಗಾಲು ಹಕ್ಕಿ ಗೇಣುದ್ದದ ನೀರಿನಲ್ಲಿ ಮೇಯುತ್ತವೆ, ಗುಳುಮುಳುಕ ಮಾತ್ರ ಆಳಕ್ಕೆ ಮುಳುಗಬಲ್ಲದು. ಕೆರೆಯನ್ನು ಬೋಗುಣಿಯಂತೆ ತೋಡಿ ದಡಕ್ಕೆ ಕಲ್ಲು ಕಟ್ಟಿದರೆ ಮೊದಲ ಎರಡಕ್ಕೂ ಕಾಲೂರಲು ಜಾಗವಿರುವುದಿಲ್ಲ. ಆದ್ದರಿಂದ ತೂಬಿನ ಕಡೆ ಆಳವಾಗಿ ತೋಡಿ, ಹಳ್ಳ ಬಂದು ಸೇರುವ ಕಡೆಯ ಇಳಿಜಾರನ್ನೂ ಜೊಂಡನ್ನೂ ಹಾಗೆಯೇ ಬಿಡುವಂತೆ ಕೇಳಿ. ಜಾಲಿಯನ್ನು ಕಳೆಯೆಂದು ಕಾಣುವ ಎಂಜಿನಿಯರರಿಗೆ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರವನ್ನು ತೋರಿಸಬಹುದು: ಕೆರೆಯೊಳಗಿನ ಜಾಲಿ ಮರಗಳಲ್ಲಿ ಸಾವಿರಾರು ಹಕ್ಕಿಗಳು ನೆಲೆಸುವ ಆ ಜಾಗ ಸಂರಕ್ಷಣಾ ಮೀಸಲು ಪ್ರದೇಶವಾಗಿ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಇನ್ನೊಂದು ಮಾತು. ಬೇಸಿಗೆಯಲ್ಲಿ ಒಣಗಿದ ಅಂಗಳದ ಬರಿ ನೆಲದಲ್ಲೇ ಟಿಟ್ಟಿಭ ಮೊಟ್ಟೆಯಿಡುತ್ತದೆ, ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆಗಳಿರುವ ಆ ಮೊಟ್ಟೆಗಳು ಕಾಲಬುಡದಲ್ಲಿದ್ದರೂ ಕಾಣುವುದಿಲ್ಲ. ಜೆಸಿಬಿ ಇಳಿಯುವ ಮುನ್ನ ಕುರಿ ಕಾಯುವವರನ್ನು ಕರೆದುಕೊಂಡು ಒಮ್ಮೆ ನಡೆದು, ಕಂಡ ಗೂಡುಗಳ ಸುತ್ತ ಗೂಟ ನೆಡಿಸಿ.

ಉತ್ತರ 2:
ನಾನು ಅಚ್ಚುಕಟ್ಟಿನ ರೈತ. ಕೆರೆ ಇರುವುದು ಮೊದಲು ನೀರಿಗೆ, ಆಮೇಲೆ ಹಕ್ಕಿಗೆ, ಇದನ್ನು ಗ್ರಾಮಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆದರೂ ಮೇಲಿನವರ ಮಾತನ್ನು ನಾನು ಒಪ್ಪುತ್ತೇನೆ. ನಮ್ಮೂರಿನಲ್ಲಿ ಮಣ್ಣಿನ ಆಸೆಗೆ ಹೂಳಿನ ಕೆಳಗೆ ನೀರು ಹಿಡಿದಿಡುವ ಜೇಡಿ ಪದರವನ್ನೂ ತೋಡಿದರು, ಮರುವರ್ಷ ನೀರು ಇಂಗಿಹೋಗಿ ತೂಬಿಗೆ ಏರಲೇ ಇಲ್ಲ. ಎಷ್ಟು ಆಳ, ಎಲ್ಲಿಯವರೆಗೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸುವುದು ನಮಗೂ ಲಾಭವೇ.

ಉತ್ತರ 3:
ಮದ್ದೂರು ತಾಲ್ಲೂಕಿನವನಾದ್ದರಿಂದ ಕೊಕ್ಕರೆ ಬೆಳ್ಳೂರಿನ ಮಾತು ಹೇಳುತ್ತೇನೆ. ಹೆಜ್ಜಾರ್ಲೆಯೂ (ಪೆಲಿಕನ್) ಬಣ್ಣದ ಕೊಕ್ಕರೆಯೂ ಅಲ್ಲಿ ಜನರ ಸ್ವಂತ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಹಣ್ಣು ಕೀಳದೆ ಬಿಟ್ಟ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಬಂತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹೀಗೆ ಮರ ಉಳಿದರೂ ಹಕ್ಕಿ ಮೇಯುವ ನೀರು ಊರಿನಾಚೆ ಶಿಂಷಾ ನದಿಯಲ್ಲಿ, ಸುತ್ತಲಿನ ಕೆರೆಗಳಲ್ಲಿದೆ. 2017–18ರ ಹಂಗಾಮಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಅವುಗಳ ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕವು, ಅವು ಹಕ್ಕಿಗೆ ಬರುವುದು ತಿಂದ ಮೀನಿನಿಂದ. ನಿಮ್ಮ ನೀರುಕಾಗೆಗಳು ಯಾವ ಕೆರೆಗೆ ಮೇಯಲು ಹೋಗುತ್ತವೆಂದು ಬೆಳಿಗ್ಗೆ ನಿಂತು ನೋಡಿ, ಆ ಪಂಚಾಯಿತಿಯವರನ್ನೂ ಸಭೆಗೆ ಕರೆಯಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ನಡಿಗೆ ದಾರಿಯನ್ನು ಏರಿಯ ಮೇಲಷ್ಟಕ್ಕೇ ಸೀಮಿತಗೊಳಿಸಿ, ಹಳ್ಳದ ಕಡೆಯನ್ನು ಮುಟ್ಟದಂತೆ ತಿದ್ದುಪಡಿ ಕೋರುವ ಅರ್ಜಿ ಬರೆಯುತ್ತಿದ್ದೇನೆ. ಮೀನು ಹಿಡಿಯುವ ಗುತ್ತಿಗೆದಾರರೂ ಜಾಲಿ ಮರ ಇರಲಿ ಎನ್ನುತ್ತಿದ್ದಾರೆ, ಅದರ ನೆರಳಿನಲ್ಲಿ ಮೀನು ಹೆಚ್ಚು ಸೇರುತ್ತದಂತೆ. ಅವರ ಸಹಿಯನ್ನೂ ಹಾಕಿಸುತ್ತೇನೆ.